ಸೆಡ್ಡಿಗೆ ನೂರು ಡಾಲರ್

2015ರ ಮೇ 2, ಶನಿವಾರ ರಾತ್ರಿ. ನ್ಯೂಜೆರ್ಸಿಯಲ್ಲಿ ನಾನಿದ್ದ ಎರಡು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿ ಹನ್ನೊಂದು ಜನ ಸೇರಿದ್ದೆವು. ಸೋಫಾ ಮೇಲೆ ನಾಲ್ಕು ಜನ, ಉಳಿದವರು ಕಾರ್ಪೆಟ್ ಮೇಲೆ. ಅಡುಗೆಮನೆಯಲ್ಲಿ ದೊಡ್ಡ ಪಾತ್ರೆ ತುಂಬ ಚಿತ್ರಾನ್ನ, ಪಕ್ಕದಲ್ಲಿ ಇಂಡಿಯನ್ ಸ್ಟೋರಿನಿಂದ ತಂದ ಕೋಡುಬಳೆ ಪ್ಯಾಕೆಟ್. ಲಾಸ್ ವೇಗಸ್‌ನಲ್ಲಿ ಫ್ಲಾಯ್ಡ್ ಮೇವೆದರ್‌ಗೂ ಮ್ಯಾನಿ ಪಕಿಯಾವೊಗೂ ಬಾಕ್ಸಿಂಗ್. ಮನೆಯ ಟಿವಿಯಲ್ಲಿ ಎಚ್‌ಡಿಯಲ್ಲಿ ನೋಡಬೇಕೆಂದರೆ 99.95 ಡಾಲರ್. ತಲೆಗೆ ಹತ್ತು ಡಾಲರ್‌ನಂತೆ ಹತ್ತು ಜನರಿಂದ ವಸೂಲಿ ಆಯಿತು. ಹನ್ನೊಂದನೆಯವನು ಮಾತ್ರ, "ನಂಗೆ ಈ ಬಾಕ್ಸಿಂಗ್ ಎಲ್ಲ ಆಗಲ್ಲ ಕಣ್ರೋ, ಸುಮ್ನೆ ಚಿತ್ರಾನ್ನಕ್ಕೆ ಬಂದೆ" ಅಂದ. ಆಮೇಲೆ ಎಲ್ಲರಿಗಿಂತ ಜಾಸ್ತಿ ಕಿರುಚಿದವನು ಅವನೇ.

ದುಡ್ಡು ಕಟ್ಟಿದ್ದಾಯಿತು, ಟಿವಿಯಲ್ಲಿ ಮಾತ್ರ ಏನೂ ಬರಲಿಲ್ಲ. ಡಬ್ಬದ ಮೇಲೆ ಒಂದು ಕೆಂಪು ದೀಪ ಮಿಣಮಿಣ ಅನ್ನುತ್ತಿತ್ತು. ಕೇಬಲ್‌ನವರಿಗೆ ಫೋನ್ ಮಾಡಿದರೆ ಕಾಯುವ ಸಂಗೀತ. ಆಮೇಲೆ ಗೊತ್ತಾಯಿತು, ದೇಶದ ತುಂಬ ಇದೇ ಕಥೆ. ಕೊನೇ ಗಳಿಗೆಯಲ್ಲಿ ಕೊಳ್ಳುವವರ ನೂಕುನುಗ್ಗಲಿಗೆ ಕಂಪನಿಗಳ ವ್ಯವಸ್ಥೆ ಕೈಕೊಟ್ಟಿತ್ತು. ಅದಕ್ಕೋಸ್ಕರ ಫೈಟನ್ನೇ ಮುಕ್ಕಾಲು ಗಂಟೆ ಹಿಂದಕ್ಕೆ ಹಾಕಿದರು.

ಅಷ್ಟರಲ್ಲಿ ಮೈಸೂರಿನಿಂದ ತಮ್ಮನ ಫೋನ್. ಅಲ್ಲಿ ಭಾನುವಾರ ಬೆಳಿಗ್ಗೆ. ಇಡ್ಲಿ ತಿನ್ನುತ್ತಾ ಅದೇ ಫೈಟಿಗೆ ಕಾಯುತ್ತಿದ್ದ, ತಿಂಗಳ ಕೇಬಲ್ ಬಿಲ್‌ನಲ್ಲೇ. "ನೂರು ಡಾಲರಾ! ಆರು ಸಾವಿರ ರೂಪಾಯಿ ಆಯ್ತಲ್ಲಣ್ಣ. ಅಪ್ಪಂಗೆ ಹೇಳ್ಲಾ?" ಅಂತ ಕೇಳಿದ. ಫೋನ್ ಇಟ್ಟೆ.

ಫೈಟ್ ಹೇಗಿತ್ತು ಅಂತ ಕೇಳಬೇಡಿ. ಹನ್ನೆರಡು ಸುತ್ತು, ಒಬ್ಬನೂ ಕೆಳಗೆ ಬೀಳಲಿಲ್ಲ. ಮೇವೆದರ್ ಹಿಂದೆ ಸರಿದ, ಪಕ್ಕಕ್ಕೆ ಜಾರಿದ, ಹತ್ತಿರ ಬಂದರೆ ತಬ್ಬಿಕೊಂಡ. ಪಾಯಿಂಟ್ಸ್ ಮೇಲೆ ಗೆದ್ದ. ಬಾಕ್ಸಿಂಗ್ ಗೊತ್ತಿದ್ದವರಿಗೆ ಅದು ಪಾಠ. ನಮ್ಮ ಹನ್ನೊಂದು ಜನರಿಗೆ ಅದು ಚಿತ್ರಾನ್ನ ಆರಿಹೋದ ರಾತ್ರಿ, ಅಷ್ಟೇ. ಪಕಿಯಾವೊಗೆ ಭುಜದ ಪೆಟ್ಟು ಮೊದಲೇ ಇತ್ತು ಅನ್ನುವುದು ಫೈಟ್ ಮುಗಿದ ಮೇಲೆ ಹೊರಗೆ ಬಂತು. ಮೋಸ ಹೋದೆವು ಅಂತ ಸುಮಾರು ಜನ ಕೋರ್ಟಿಗೂ ಹೋದರು. 2019ರಲ್ಲಿ ಮೇಲ್ಮನವಿ ಕೋರ್ಟು ಹೇಳಿದ್ದು ಇಷ್ಟು: ನೀವು ಫೈಟ್ ನೋಡೋಕೆ ದುಡ್ಡು ಕೊಟ್ಟಿರಿ, ಫೈಟ್ ನೋಡಿದಿರಿ.

ಆ ರಾತ್ರಿ ಅಮೆರಿಕದಲ್ಲಿ ದುಡ್ಡು ಕೊಟ್ಟು ಕೊಂಡ ಮನೆಗಳು ಸುಮಾರು 46 ಲಕ್ಷ. ಆ ದಾಖಲೆ ಇವತ್ತಿಗೂ ಮುರಿದಿಲ್ಲ.

ಇಷ್ಟು ಜನ ಕೊಂಡಿದ್ದಾದರೂ ಏನನ್ನು ಅನ್ನುವುದು ನನಗೆ ಅವತ್ತಿನಿಂದ ಹುಳ ಬಿಟ್ಟ ಹಾಗಿದೆ. ಹೀಗೆ ಒಂದೊಂದು ಆಟಕ್ಕೂ ಬೇರೆಯಾಗಿ ದುಡ್ಡು ಕಟ್ಟಿ ನೋಡುವುದಕ್ಕೆ ಪೇ-ಪರ್-ವ್ಯೂ ಅನ್ನುತ್ತಾರೆ. ನನ್ನ ಲೆಕ್ಕದಲ್ಲಿ ಅದರಲ್ಲಿ ದುಡ್ಡು ಬರುವುದು ಸೆಡ್ಡಿಗೆ. ಹೊಡೆದಾಟ ಅದರ ಜೊತೆ ಬರುವ ಕೊಸರು. ಈ ಗುಟ್ಟು ಮೊದಲು ಗೊತ್ತಿದ್ದದ್ದು ನಾವೆಲ್ಲ "ಅದು ಬರೀ ನಾಟಕ ಕಣೋ" ಅಂತ ನಗುವ ಅಮೆರಿಕದ ಟಿವಿ ಕುಸ್ತಿಯವರಿಗೆ.

ಮೇವೆದರ್‌ನನ್ನೇ ನೋಡಿ. ಶುರುವಿನಲ್ಲಿ ಅವನ ಅಡ್ಡಹೆಸರು 'ಪ್ರೆಟಿ ಬಾಯ್'. ಚೆನ್ನಾಗಿ ಆಡುತ್ತಿದ್ದ, ಆದರೆ ಅವನ ಹೆಸರಿಗೆ ಹತ್ತು ಲಕ್ಷ ಮನೆಗಳು ಪರ್ಸು ಬಿಚ್ಚುತ್ತಿರಲಿಲ್ಲ. 2007ರಲ್ಲಿ ಆಸ್ಕರ್ ಡಿ ಲಾ ಹೋಯಾ ಜೊತೆ ಫೈಟ್ ಬಂತು. ಅದಕ್ಕೋಸ್ಕರ ಎಚ್‌ಬಿಒ ಚಾನೆಲ್ ವಾರವಾರ ಒಂದು ಕಾರ್ಯಕ್ರಮ ಮಾಡಿತು. ಇಬ್ಬರ ಮನೆ, ತಾಲೀಮು, ಜಗಳ, ಎಲ್ಲ. ಅದರಲ್ಲಿ ಮೇವೆದರ್ ನೋಟಿನ ಕಂತೆ ಎಸೆಯುವ, ಎಲ್ಲರನ್ನೂ ಹೀಯಾಳಿಸುವ 'ಮನಿ' ಆಗಿ ಕೂತ. ಫೈಟನ್ನು 24 ಲಕ್ಷ ಮನೆಗಳು ಕೊಂಡವು. ಮಾರನೇ ವರ್ಷ ಆಸಾಮಿ ನೆಟ್ಟಗೆ ಆ ನಾಟಕದ ಕುಸ್ತಿ ನಡೆಸುವ ಡಬ್ಲ್ಯೂಡಬ್ಲ್ಯೂಇ ಕಂಪನಿಯ ರಿಂಗಿಗೇ ಹೋದ. ಅವರ ವರ್ಷದ ದೊಡ್ಡ ಶೋ ರೆಸಲ್‌ಮೇನಿಯಾದಲ್ಲಿ, ಬಿಗ್ ಶೋ ಅನ್ನುವ ಏಳು ಅಡಿಯ ಕುಸ್ತಿಯವನ ಎದುರು ಕೈಗೆ ಹಿತ್ತಾಳೆ ಪಟ್ಟಿ ಹಾಕಿಕೊಂಡು ಗೆದ್ದ. ಆಗ ಇದೇನು ಕೋತಿಯಾಟ ಅಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ಅವನು ಹೋಗಿದ್ದು ಗುರುಗಳ ಮನೆಗೆ.

ಆಮೇಲೆ ಜನ ಅವನು ಸೋಲುವುದನ್ನು ನೋಡಬೇಕು ಅಂತಲೇ ದುಡ್ಡು ಕೊಟ್ಟರು. ಅವನು ಸೋಲಲಿಲ್ಲ. ಮುಂದಿನ ಸಲ ಖಂಡಿತ ಸೋಲುತ್ತಾನೆ ಅಂತ ಮತ್ತೆ ಕೊಟ್ಟರು. ಹೀಗೇ 50 ಫೈಟ್, 50 ಗೆಲುವು. ಸಾಲ ಕೊಟ್ಟವರ ಹತ್ತಿರವೇ ಮತ್ತೆ ಸಾಲ ಎತ್ತುವವರು ನಮ್ಮ ಬೀದಿಯಲ್ಲೂ ಇದ್ದರು, ಆದರೆ ಇಷ್ಟು ನಾಜೂಕಾಗಿ ಅಲ್ಲ.

ಈ ವಿದ್ಯೆ ಅವನು ಕಂಡುಹಿಡಿದದ್ದಲ್ಲ. ಗಾರ್ಜಿಯಸ್ ಜಾರ್ಜ್ ಅಂತ ಒಬ್ಬ ಕುಸ್ತಿಯವನಿದ್ದ. ಅಮೆರಿಕದಲ್ಲಿ ಟಿವಿ ಹೊಸದಾಗಿ ಬಂದ ಕಾಲ. ಚಿನ್ನದ ಬಣ್ಣದ ಗುಂಗುರು ಕೂದಲು, ಮಿರುಗುವ ನಿಲುವಂಗಿ, ರಿಂಗಿಗೆ ಬರುವ ಮುಂಚೆ ಸೆಂಟು ಹೊಡೆಸಿಕೊಳ್ಳುವ ಶೋಕಿ. ಜನ ಉರಿದುಕೊಂಡು ಟಿಕೆಟ್ ತೆಗೆಯುತ್ತಿದ್ದರು. 1961ರಲ್ಲಿ ಲಾಸ್ ವೇಗಸ್‌ನ ಒಂದು ರೇಡಿಯೊ ಕಾರ್ಯಕ್ರಮದಲ್ಲಿ ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಅವನ ಜಂಬದ ಮಾತು ಕೇಳಿ ಬೆರಗಾದ. ಆಮೇಲೆ ಅವನ ಪಂದ್ಯಕ್ಕೆ ಹೋಗಿ ಕಿಕ್ಕಿರಿದ ಜನ ನೋಡಿದ. ಹುಡುಗನ ಹೆಸರು ಕ್ಯಾಸಿಯಸ್ ಕ್ಲೇ, ಮುಂದೆ ಮೊಹಮ್ಮದ್ ಅಲಿ. ಬಾಯಿ ಜೋರು ಮಾಡುವುದನ್ನು ಜಾರ್ಜ್‌ನಿಂದ ಕಲಿತೆ ಅಂತ ಅಲಿಯೇ ಹೇಳಿಕೊಂಡಿದ್ದಾನೆ. 1971ರಲ್ಲಿ ಅವನು ಜೋ ಫ್ರೇಜಿಯರ್ ಜೊತೆ ಆಡಿದಾಗ ಅಮೆರಿಕದ ಮನೆ ಟಿವಿಯಲ್ಲಿ ಬರಲಿಲ್ಲ. ಸಿನಿಮಾ ಥಿಯೇಟರುಗಳಲ್ಲಿ ದೊಡ್ಡ ಪರದೆ ಮೇಲೆ ಟಿಕೆಟ್ ಇಟ್ಟು ತೋರಿಸಿದರು. ಪೇ-ಪರ್-ವ್ಯೂಗೆ ಅದು ಅಜ್ಜ.

ಅಲಿ ಬಾಯಿ ಮಾಡಿದ, ಆಡಿಯೂ ತೋರಿಸಿದ. ನನಗೆ ಅವನ ಮೇಲೆ ತಕರಾರಿಲ್ಲ. ಅಲ್ಲ, ಸ್ವಲ್ಪ ಇದೆ. ಫ್ರೇಜಿಯರ್‌ಗೆ ಅವನು ಅಂದ ಮಾತುಗಳು ಮಾರಾಟಕ್ಕೆ ಬೇಕಾದಷ್ಟನ್ನು ಮೀರಿದ್ದವು. ಫ್ರೇಜಿಯರ್ ಅದನ್ನು ಎಷ್ಟೋ ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ.

ಇಲ್ಲಿ ನಮ್ಮೂರಿನ ಮಾತು ಬಂದೇ ಬರುತ್ತದೆ. ಚಿಕ್ಕಂದಿನಲ್ಲಿ ದಸರಾ ಕುಸ್ತಿಗೆ ನನ್ನನ್ನು ಕರೆದುಕೊಂಡು ಹೋಗುತ್ತಿದ್ದದ್ದು ಸೋದರಮಾವ. ಅದಕ್ಕೂ ವಾರ ಮೊದಲೇ ಗೋಡೆ ಮೇಲೆ ಪೋಸ್ಟರ್. ಪೇಟ ಸುತ್ತಿಕೊಂಡು ಹೆಗಲ ಮೇಲೆ ಗದೆ ಇಟ್ಟುಕೊಂಡ ಪೈಲ್ವಾನರ ಫೋಟೊ, ಕೆಳಗೆ ಇಂಥ ಗರಡಿ, ಇಂಥ ಉಸ್ತಾದರ ಶಿಷ್ಯ ಅಂತ. ಯಾರಿಗೆ ಯಾರು ಅಂತ ಜೋಡಿ ಕಟ್ಟುವುದನ್ನು ನೋಡೋಕೇ ಜನ ಸೇರುತ್ತಿದ್ದರು. ಮಾವನಿಗಂತೂ ಕುಸ್ತಿಗಿಂತ ಜೋಡಿ ಕಟ್ಟುವುದರಲ್ಲೇ ಆಸೆ ಜಾಸ್ತಿ. "ಆ ಗರಡಿಯವನಿಗೆ ಈ ಗರಡಿಯವನು ಬಿದ್ದನಾ? ಮುಗೀತು ಬಿಡು, ನೋಡಲೇಬೇಕು" ಅನ್ನುತ್ತಿದ್ದರು. ಅಂದರೆ ಸೆಡ್ಡು ಇಲ್ಲೂ ಇತ್ತು. ತೊಡೆ ತಟ್ಟದೆ ಮಟ್ಟಿಗೆ ಇಳಿದ ಪೈಲ್ವಾನನನ್ನು ನಾನು ಕಾಣೆ. ಆದರೆ ಗೆದ್ದವನೂ ಮೊದಲು ಉಸ್ತಾದರ ಕಾಲು ಮುಟ್ಟುತ್ತಿದ್ದ. ಎದುರಾಳಿಯ ಅಪ್ಪ ಅಮ್ಮನನ್ನು ಮೈಕಿನಲ್ಲಿ ಬಯ್ಯುವ ಪದ್ಧತಿ ಇರಲಿಲ್ಲ.

ಇನ್ನು ಅರಮನೆಯ ವಜ್ರಮುಷ್ಟಿ ಕಾಳಗ. ಜೆಟ್ಟಿಗಳು ಎದುರುಬದುರು ನಿಲ್ಲುತ್ತಾರೆ, ಒಬ್ಬನ ತಲೆಯಿಂದ ಒಂದು ತೊಟ್ಟು ರಕ್ತ ಬಂದರೆ ಮುಗಿಯಿತು. ಕಣ್ಣು ಆ ಕಡೆ ಈ ಕಡೆ ಆದರೆ ತಪ್ಪಿಹೋಗುತ್ತದೆ. ಯಾರಾದರೂ ಗೊಣಗಿದ್ದು ಕೇಳಿದ್ದೀರಾ? 1995ರಲ್ಲಿ ಮೈಕ್ ಟೈಸನ್ ಜೈಲಿನಿಂದ ಬಂದು ಪೀಟರ್ ಮೆಕ್‌ನೀಲಿ ಜೊತೆ ಆಡಿದಾಗ 89 ಸೆಕೆಂಡಿಗೆ ಮುಗಿಯಿತು. ಮೆಕ್‌ನೀಲಿಯನ್ನು ಉಳಿಸಿಕೊಳ್ಳೋಕೆ ಅವನ ಮ್ಯಾನೇಜರ್ ರಿಂಗಿಗೇ ನುಗ್ಗಿದ. ದುಡ್ಡು ಕೊಟ್ಟ 15 ಲಕ್ಷ ಮನೆಗಳು ಬಾಯಿ ಬಾಯಿ ಬಡಿದುಕೊಂಡವು. ಎರಡು ವರ್ಷದ ನಂತರ ಹೋಲಿಫೀಲ್ಡ್ ಜೊತೆಗಿನ ಎರಡನೇ ಫೈಟನ್ನು ಸುಮಾರು 20 ಲಕ್ಷ ಮನೆಗಳು ಕೊಂಡವು. ಅದರಲ್ಲಿ ಟೈಸನ್ ಎದುರಾಳಿಯ ಕಿವಿ ಕಚ್ಚಿದ್ದು ನಿಮಗೆ ಗೊತ್ತೇ ಇದೆ.

ಪಂಜರದೊಳಗೆ ಎಲ್ಲ ಬಗೆಯ ಹೊಡೆದಾಟ ನಡೆಸುವ ಯುಎಫ್‌ಸಿ ಕಂಪನಿಯ ಕಥೆ ಬೇರೆ ಥರ ಶುರುವಾಯಿತು. 1993ರ ನವೆಂಬರ್, ಡೆನ್ವರ್. ಬಾಕ್ಸರ್, ಸುಮೊ, ಕರಾಟೆ, ಜುಜಿತ್ಸು, ಯಾರು ನಿಜವಾಗಿ ಹೊಡೆಯುತ್ತಾರೆ ನೋಡೋಣ ಬನ್ನಿ ಅನ್ನುವ ಹರಟೆಕಟ್ಟೆ ಪ್ರಶ್ನೆಯನ್ನೇ ಅಂಗಡಿ ಮಾಡಿದರು. ಎಲ್ಲರಿಗಿಂತ ಬಡಕಲಾಗಿ ಕಾಣುತ್ತಿದ್ದ ಜುಜಿತ್ಸುವಿನ ರಾಯ್ಸ್ ಗ್ರೇಸಿ ಗೆದ್ದ. ಕೊಂಡವರು 86 ಸಾವಿರದ ಆಸುಪಾಸು. ಸೆನೆಟರ್ ಜಾನ್ ಮೆಕೇನ್ ಇದನ್ನು ಮನುಷ್ಯರ ಕೋಳಿ ಅಂಕ ಅಂತ ಕರೆದ. ಕೇಬಲ್ ಕಂಪನಿಗಳು ಕೈಬಿಟ್ಟವು. 2001ರಲ್ಲಿ 20 ಲಕ್ಷ ಡಾಲರ್‌ಗೆ ಕೈ ಬದಲಾಯಿತು. ಅದೇ ಕಂಪನಿ 2016ರಲ್ಲಿ ಮಾರಾಟ ಆಗಿದ್ದು ಸುಮಾರು 400 ಕೋಟಿ ಡಾಲರ್‌ಗೆ. ಮಧ್ಯೆ ನಿಯಮಗಳು ಬಂದವು, ರಿಯಾಲಿಟಿ ಶೋ ಬಂತು. ಕುಸ್ತಿ ರಿಂಗಿನಿಂದ ಬ್ರಾಕ್ ಲೆಸ್ನರ್ ಕೂಡ ಬಂದ. ಅವನು 2009ರ ಯುಎಫ್‌ಸಿ 100ರಲ್ಲಿ ಫ್ರಾಂಕ್ ಮಿರ್‌ನನ್ನು ಜಜ್ಜಿ, ಪ್ರೇಕ್ಷಕರಿಗೆ ಬೆರಳು ತೋರಿಸಿ, ಪ್ರಾಯೋಜಕರ ಬಿಯರನ್ನೂ ಬಯ್ದ. 16 ಲಕ್ಷ ಮನೆ.

ಅಲ್ಲಿಂದ ಯುಎಫ್‌ಸಿಯ ಐರಿಷ್ ಆಟಗಾರ ಕಾನರ್ ಮೆಕ್‌ಗ್ರೆಗರ್‌ಗೆ ಒಂದೇ ಹೆಜ್ಜೆ. 2017ರಲ್ಲಿ ಅವನೂ ಮೇವೆದರೂ ಕೂಡಿಕೊಂಡು 43 ಲಕ್ಷ ಮನೆಗೆ ಮಾರಿದರು. ಮಾರನೇ ವರ್ಷ ಬ್ರೂಕ್ಲಿನ್‌ನಲ್ಲಿ ಮೆಕ್‌ಗ್ರೆಗರ್ ತನ್ನ ಎದುರಾಳಿ, ರಷ್ಯಾದ ಖಬೀಬ್ ಕೂತಿದ್ದ ಬಸ್ಸಿನ ಕಿಟಕಿಗೆ ಸಾಮಾನು ಸಾಗಿಸುವ ಕೈಗಾಡಿ ಎತ್ತಿ ಎಸೆದ. ಗಾಜು ಚುಚ್ಚಿ ಗಾಯಗೊಂಡವರು ಬೇರೆ ಆಟಗಾರರು, ಪಾಪ. ಕೇಸಾಯಿತು. ಆಮೇಲೆ ಅದೇ ವಿಡಿಯೊವನ್ನು ಕಂಪನಿ ತನ್ನ ಫೈಟಿನ ಜಾಹೀರಾತಿಗೆ ಹಾಕಿಕೊಂಡಿತು. ಖಬೀಬ್‌ನ ಅಪ್ಪ, ಧರ್ಮ, ಊರು, ಯಾವುದನ್ನೂ ಮೆಕ್‌ಗ್ರೆಗರ್ ಬಿಡಲಿಲ್ಲ. ಯುಎಫ್‌ಸಿ 229ನ್ನು 24 ಲಕ್ಷ ಮನೆಗಳು ಕೊಂಡವು, ಅವರ ದಾಖಲೆ. ಖಬೀಬ್ ನಾಲ್ಕನೇ ಸುತ್ತಿನಲ್ಲಿ ಕುತ್ತಿಗೆ ಹಿಡಿದು ಸೋಲಿಸಿದ. ಸೋಲಿಸಿದವನು ಸುಮ್ಮನಾಗದೆ ಪಂಜರ ಹಾರಿ ಎದುರಾಳಿಯ ಕಡೆಯವರ ಮೇಲೆ ಬಿದ್ದ. ಜನ ಛೀ ಥೂ ಅಂದರು. ನಾನೂ ಅಂದೆ. ಆದರೆ ಆ ಸಿಟ್ಟಿಗೆ ತಾನೇ ನಾವು ದುಡ್ಡು ಕೊಟ್ಟಿದ್ದು? ಮೆಣಸಿನಕಾಯಿ ಬಜ್ಜಿ ಕೇಳಿ ತಗೊಂಡು ಖಾರ ಅಂದರೆ ಹೇಗೆ.

ನನಗೆ ನಿಜವಾಗಿ ತೊಡರುವುದು ಇನ್ನೊಂದು ರಾತ್ರಿ. 1999ರ ಮೇ 23, ಕಾನ್ಸಾಸ್ ಸಿಟಿ. ಟಿವಿ ಕುಸ್ತಿಯ ಓವನ್ ಹಾರ್ಟ್ ಮೇಲ್ಛಾವಣಿಯಿಂದ ಹಗ್ಗದಲ್ಲಿ ಇಳಿದು ರಿಂಗಿಗೆ ಬರಬೇಕಿತ್ತು. ಕೊಂಡಿ ಬಿಚ್ಚಿಕೊಂಡು ಸುಮಾರು 78 ಅಡಿ ಮೇಲಿಂದ ಬಿದ್ದ. ಮನೆಯಲ್ಲಿ ದುಡ್ಡು ಕೊಟ್ಟು ನೋಡುತ್ತಿದ್ದವರಿಗೆ ಆ ಕ್ಷಣ ಬೇರೆ ವಿಡಿಯೊ ಓಡುತ್ತಿತ್ತು, ಬಿದ್ದದ್ದು ಕಾಣಲಿಲ್ಲ. ಇದು ಕಥೆಯ ಭಾಗ ಅಲ್ಲ, ನಿಜ ಅಂತ ಕಾಮೆಂಟರಿಯ ಜಿಮ್ ರಾಸ್ ಹೇಳಬೇಕಾಯಿತು. ಆಮೇಲೆ ಅವನು ತೀರಿಕೊಂಡ ಸುದ್ದಿಯನ್ನೂ ಅವರೇ ಹೇಳಿದರು. ಒಳಗಿದ್ದ ಪ್ರೇಕ್ಷಕರಿಗೆ ಹೇಳಲೇ ಇಲ್ಲ. ಶೋ ನಿಲ್ಲಲಿಲ್ಲ. ಅವನು ಬಿದ್ದ ಅದೇ ರಿಂಗಿನಲ್ಲಿ ಉಳಿದ ಕುಸ್ತಿಗಳು ನಡೆದವು.

ಆಗ ಡಬ್ಲ್ಯೂಡಬ್ಲ್ಯೂಇ ಹೆಸರು ಡಬ್ಲ್ಯೂಡಬ್ಲ್ಯೂಎಫ್. ಅವರ ಟ್ರಂಪ್ ಕಾರ್ಡಿನಲ್ಲಿ ಓವನ್ ಹಾರ್ಟ್ ನನ್ನ ಹತ್ತಿರ ಇದ್ದ. ಎತ್ತರದಲ್ಲೂ ತೂಕದಲ್ಲೂ ಸೋಲುವ ಕಾರ್ಡು, ಅದಕ್ಕೇ ಯಾರೂ ಕಸಿದುಕೊಳ್ಳುತ್ತಿರಲಿಲ್ಲ. ಅವನು ಸತ್ತ ಸುದ್ದಿ ಕೇಳಿದಾಗ ನಮ್ಮ ಬೀದಿಯ ಹುಡುಗರೆಲ್ಲ "ಸುಮ್ನೆ ಬಿಡೋ, ಆ್ಯಕ್ಟಿಂಗ್" ಅಂದರು. ವಾರಗಟ್ಟಲೆ ನಂಬಲಿಲ್ಲ. ಅವತ್ತು ಟಿವಿ ಮುಂದೆ ಕೂತ ಅಮೆರಿಕದವರಿಗೂ ಮೊದಲು ಹಾಗೇ ಅನ್ನಿಸಿರಬೇಕು. ಸುಳ್ಳು ಜಗಳವನ್ನೇ ನಿಜ ಅಂತ ಮಾರಿದವರ ಬಾಯಲ್ಲಿ ನಿಜವೂ ಹಾಗೇ ಕೇಳಿಸುತ್ತದೆ, ಅಲ್ವಾ?

ಈಗ ಅಂಗಡಿಯೇ ಮುಚ್ಚುತ್ತಿದೆ. ಮೊದಲು ಬಾಗಿಲು ಹಾಕಿದವರು ಕುಸ್ತಿಯವರೇ. ಒಂದು ರೆಸಲ್‌ಮೇನಿಯಾಗೆ 60 ಡಾಲರ್ ಆಸುಪಾಸು ತಗೊಳ್ಳುತ್ತಿದ್ದವರು 2014ರಲ್ಲಿ ತಿಂಗಳಿಗೆ 9.99 ಡಾಲರ್‌ಗೆ ಎಲ್ಲವನ್ನೂ ಕೊಟ್ಟುಬಿಟ್ಟರು. 2018ರಲ್ಲಿ ಎಚ್‌ಬಿಒ ಬಾಕ್ಸಿಂಗನ್ನೇ ಬಿಟ್ಟಿತು. 2024ರ ನವೆಂಬರಿನಲ್ಲಿ 58 ವರ್ಷದ ಟೈಸನ್ ಯೂಟ್ಯೂಬರ್ ಜೇಕ್ ಪಾಲ್ ಜೊತೆ ನೆಟ್‌ಫ್ಲಿಕ್ಸಿನಲ್ಲಿ ಆಡಿದ. ಬೆಂಗಳೂರಿನಲ್ಲಿ ಕೂತು ನಾನೂ ನೋಡಿದೆ, ಗುಂಡಗೆ ತಿರುಗುವ ಚಕ್ರವನ್ನೇ ಜಾಸ್ತಿ ನೋಡಿದೆ. 2025ರ ಆಗಸ್ಟಿನಲ್ಲಿ ಯುಎಫ್‌ಸಿ ಪ್ಯಾರಮೌಂಟ್ ಜೊತೆ ಏಳು ವರ್ಷಕ್ಕೆ 770 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. 2026ರಿಂದ ಅಮೆರಿಕದಲ್ಲಿ ಯುಎಫ್‌ಸಿಗೆ ಪೇ-ಪರ್-ವ್ಯೂ ಇಲ್ಲ, ಚಂದಾ ಕಟ್ಟಿದರೆ ಎಲ್ಲ ಬರುತ್ತದೆ.

ನೋಡುವವರಿಗೆ ಲಾಭ. ಆಡುವವರಿಗೆ? ಚಾಂಪಿಯನ್ನುಗಳಿಗೆ ಮಾರಾಟವಾದ ಪ್ರತಿ ಮನೆಯ ಲೆಕ್ಕದಲ್ಲಿ ಪಾಲು ಸಿಗುತ್ತಿತ್ತು. ಅಷ್ಟು ಇದ್ದೂ ಯುಎಫ್‌ಸಿ ಆದಾಯದಲ್ಲಿ ಆಟಗಾರರ ಕೈಗೆ ಹೋಗುತ್ತಿದ್ದದ್ದು ನೂರಕ್ಕೆ ಇಪ್ಪತ್ತರೊಳಗೆ ಅನ್ನುವುದು ಕೋರ್ಟ್ ಕಾಗದಗಳಲ್ಲಿ ಬಯಲಾಗಿದೆ. ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರರಿಗೆ ಅದು ಹೆಚ್ಚುಕಡಿಮೆ ಅರ್ಧ. ಹಳೆಯ ಆಟಗಾರರ ಕೇಸಿನಲ್ಲಿ 37.5 ಕೋಟಿ ಡಾಲರ್ ಕೊಟ್ಟು ಕಂಪನಿ ರಾಜಿ ಮಾಡಿಕೊಂಡಿತು. ನನ್ನ ಮುಖ ನೋಡಿ ಇಷ್ಟು ಮನೆ ಕೊಂಡವು ಅಂತ ಮೆಕ್‌ಗ್ರೆಗರ್ ಮೇಜು ಕುಟ್ಟಿ ಕೇಳಬಹುದಿತ್ತು. ಚಂದಾದ ರಾಶಿಯಲ್ಲಿ ಯಾರ ಮುಖಕ್ಕೆ ಎಷ್ಟು ಬಂತು ಅಂತ ಅಳೆಯುವುದು ಹೇಗೆ? ಬಾಯಿಬಡುಕರು ಕಡಿಮೆ ಆಗಬಹುದು ಅಂತ ಒಂದು ಆಸೆ. ಚೌಕಾಸಿ ಮಾಡುವ ಬಲವೂ ಅವರ ಜೊತೆಗೇ ಹೋಯಿತಲ್ಲ ಅಂತ ಒಂದು ಕಸಿವಿಸಿ.

ಆ ಒಪ್ಪಂದದ ಸುದ್ದಿ ಬಂದ ದಿನ ನಮ್ಮ ಹಳೆಯ ನ್ಯೂಜೆರ್ಸಿ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಹನ್ನೊಂದನೆಯವನ ಮೆಸೇಜು: "ನೋಡಿದ್ರೇನ್ರೋ, ಕೊನೆಗೆ ಎಲ್ರೂ ನನ್ನ ದಾರಿಗೇ ಬಂದ್ರು."

ಬಾಕಿ ಹತ್ತು ಡಾಲರ್ ಕೇಳಿದೆ. ನೀಲಿ ಟಿಕ್ ಬಂತು. ಉತ್ತರ ಇನ್ನೂ ಬಂದಿಲ್ಲ.