ಅಂಗಡಿಯ ಲೆಕ್ಕ ನೋಡಿ ವಿಡಿಯೋ ಗೇಮ್ ಗೆದ್ದಿತೋ ಸೋತಿತೋ ಹೇಳಬಹುದೇ?

ಪರ: ಹೇಳಬಹುದು

ಜಪಾನಿನ ಫಾಮಿತ್ಸು ಪತ್ರಿಕೆ ವಾರವಾರ ಕೊಡುವ ಪಟ್ಟಿ ಅಂಗಡಿಗಳಲ್ಲಿ ಬಿಕರಿಯಾದ ಗೇಮ್‌ಗಳದ್ದು. ಮನೆಯಲ್ಲೇ ಕೂತು ಆನ್‌ಲೈನ್ ಸ್ಟೋರಿನಿಂದ ಕೊಂಡವು ಅದರಲ್ಲಿಲ್ಲ. ಆದರೂ ನಾನು ಮೊದಲು ನೋಡುವುದು ಅದನ್ನೇ. ಅದನ್ನು ಎಣಿಸುವವರು ಗೇಮ್ ಮಾಡಿದವರಲ್ಲ. ಕಂಪನಿಗಳು ಹತ್ತು ಲಕ್ಷ ದಾಟಿದರೆ ಡಂಗುರ ಹೊಡೆಯುತ್ತವೆ, ಗೇಮ್ ನೆಲಕಚ್ಚಿದರೆ ತುಟಿ ಬಿಚ್ಚುವುದಿಲ್ಲ. ವಾರದ ಪಟ್ಟಿಗೆ ಆ ಮುಲಾಜಿಲ್ಲ.

ಜಪಾನಿನಲ್ಲಿ ಗೇಮ್ ತುಂಬಿದ ಡಿಸ್ಕು, ಕಾರ್ಟ್ರಿಡ್ಜ್‌ಗಳ ವ್ಯಾಪಾರಕ್ಕೆ ಇನ್ನೂ ಜೀವವಿದೆ. ಸೆಕೆಂಡ್ ಹ್ಯಾಂಡ್ ಗೇಮ್ ಮಾರಬಹುದೆಂದು ಅಲ್ಲಿನ ಸುಪ್ರೀಂ ಕೋರ್ಟ್ 2002ರಲ್ಲೇ ತೀರ್ಪು ಕೊಟ್ಟಿದೆ. ಆಡಿ ಮುಗಿಸಿದ್ದನ್ನು ಮಾರಿ, ಬಂದ ದುಡ್ಡಿಗೆ ಇನ್ನಷ್ಟು ಸೇರಿಸಿ ಹೊಸದನ್ನು ತರುವುದು ಅಲ್ಲಿ ರೂಢಿ. ಮುಂಗಡ ಬುಕ್ ಮಾಡಿದರೆ ಅಂಗಡಿಗೊಂದು ಬಗೆಯ ಉಡುಗೊರೆ ಬೇರೆ. 2020ರ ಮಾರ್ಚ್‌ನಲ್ಲಿ ಬಂದ 'ಅನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್' ಮೊದಲ ಮೂರೇ ದಿನದಲ್ಲಿ ಜಪಾನಿನ ಅಂಗಡಿಗಳಿಂದ ಸುಮಾರು 18.8 ಲಕ್ಷ ಪ್ರತಿ ಹೋಯಿತು. ಡೌನ್‌ಲೋಡ್ ಎಷ್ಟಾದರೂ ಆಗಿರಲಿ, ಅದು ಗೆದ್ದಿತೆನ್ನಲು ಇಷ್ಟು ಸಾಲದೇ? ಪ್ಲೇಸ್ಟೇಷನ್ ಎಂಬ ಗೇಮ್ ಯಂತ್ರ ಮಾಡುವ ಸೋನಿ ಡೌನ್‌ಲೋಡಿನ ಪಾಲನ್ನು ಪ್ರಕಟಿಸುತ್ತದೆ ನಿಜ, ಆದರೆ ಅದು ಇಡೀ ಜಗತ್ತಿನ ಒಟ್ಟು ಲೆಕ್ಕ. ಒಂದು ದೇಶದಲ್ಲಿ ಒಂದು ಗೇಮ್‌ನ ಗತಿ ಏನಾಯಿತೆಂದು ಅದರಿಂದ ತಿಳಿಯದು.

ವಿರೋಧ: ಹೇಳಲಾಗದು

ಗೆದ್ದ ಗೇಮ್‌ನ ಮಾತು ಬಿಡಿ. ಈ ಪಟ್ಟಿಯಿಂದ ಅನ್ಯಾಯವಾಗುವುದು 'ಸೋತಿತು' ಅನ್ನಿಸಿಕೊಂಡವುಗಳಿಗೆ. 2016ರಲ್ಲಿ 'ಫೈನಲ್ ಫ್ಯಾಂಟಸಿ 15' ಮೊದಲ ವಾರ ಜಪಾನಿನ ಅಂಗಡಿಗಳಲ್ಲಿ ಸುಮಾರು 7 ಲಕ್ಷ ಹೋಗಿತ್ತು. 2023ರಲ್ಲಿ 16ನೆಯದು ಬಂದಾಗ ಆ ಸಂಖ್ಯೆ ಸುಮಾರು 3.36 ಲಕ್ಷ. ಸರಣಿಯ ಕಥೆ ಮುಗಿಯಿತೆಂದು ಷರಾ ಬರೆದವರೆಷ್ಟು ಮಂದಿ! ಆದರೆ ಅಂಗಡಿಗೆ ಬಾರದವರಲ್ಲಿ ಎಷ್ಟು ಜನ ಆ ಸರಣಿಯನ್ನೇ ಬಿಟ್ಟರು, ಎಷ್ಟು ಜನ ಡೌನ್‌ಲೋಡ್ ಮಾಡಿಕೊಂಡರು, ಎಷ್ಟು ಜನರ ಹತ್ತಿರ ಆಗ ಅದನ್ನು ಆಡಲು ಬೇಕಿದ್ದ ಪ್ಲೇಸ್ಟೇಷನ್ 5 ಇರಲೇ ಇಲ್ಲ? ಪಟ್ಟಿಯನ್ನು ಎಷ್ಟು ಕೆದಕಿದರೂ ಉತ್ತರ ಸಿಗದು. ಅದೇ ಗೇಮ್ ಜಗತ್ತಿನಾದ್ಯಂತ ಮೊದಲ ವಾರದಲ್ಲೇ, ಅಂಗಡಿಗೆ ಕಳಿಸಿದ್ದು ಮತ್ತು ಡೌನ್‌ಲೋಡ್ ಸೇರಿ, 30 ಲಕ್ಷ ದಾಟಿತ್ತು. 2023-24ರಲ್ಲಿ ಪ್ಲೇಸ್ಟೇಷನ್‌ನ ಪೂರ್ಣ ಗೇಮ್‌ಗಳಲ್ಲಿ ನೂರಕ್ಕೆ 70ರಷ್ಟು ಡೌನ್‌ಲೋಡ್ ಆದವು. ಮಿಕ್ಕ 30ನ್ನು ಎಣಿಸಿ ಶವಪರೀಕ್ಷೆ ಮಾಡುವುದು ಸರಿಯೇ?

ದೇಶದಿಂದ ದೇಶಕ್ಕೆ ಹೋಲಿಸಲು ಹೊರಟರಂತೂ ಇನ್ನೂ ಗೋಜಲು. 2025ರಲ್ಲಿ 'ಮಾರಿಯೋ ಕಾರ್ಟ್ ವರ್ಲ್ಡ್' ಜಪಾನಿನಲ್ಲಿ ಡೌನ್‌ಲೋಡಿಗೆ 8,980 ಯೆನ್, ಕಾರ್ಟ್ರಿಡ್ಜ್‌ಗೆ 9,980. ಯುರೋಪಿನಲ್ಲೂ ಕಾರ್ಟ್ರಿಡ್ಜ್ 10 ಯೂರೋ ದುಬಾರಿ. ಅಮೆರಿಕದಲ್ಲಿ ಬಿಡುಗಡೆಯಾದಾಗ ಎರಡಕ್ಕೂ ಒಂದೇ ಬೆಲೆ, 79.99 ಡಾಲರ್. ಬೆಲೆಯೇ ಜನರನ್ನು ಒಂದೊಂದು ಕಡೆ ಒಂದೊಂದು ದಾರಿಗೆ ಎಳೆಯುವಾಗ, ಅಂಗಡಿಯಲ್ಲಿ ಉಳಿದವರ ತಲೆ ಎಣಿಸಿ ಯಾವ ದೇಶದಲ್ಲಿ ಗೇಮ್‌ಗೆ ಹೆಚ್ಚು ಒಲವಿದೆ ಎಂದು ಹೇಳುವುದು ಹೇಗೆ?

ಅಮೆರಿಕದಲ್ಲಿ ಮಾರಾಟದ ಲೆಕ್ಕ ಇಡುವ ಸರ್ಕಾನಾ ಸಂಸ್ಥೆಯ ಪಟ್ಟಿಯಲ್ಲಿ ಡೌನ್‌ಲೋಡೂ ಸೇರುತ್ತದೆ, ಆದರೆ ಲೆಕ್ಕ ಕೊಟ್ಟ ಕಂಪನಿಗಳದ್ದು ಮಾತ್ರ. ಮಾರಿಯೋ ಗೇಮ್‌ಗಳನ್ನು ಮಾಡುವ ನಿಂಟೆಂಡೊ ಡೌನ್‌ಲೋಡಿನ ಲೆಕ್ಕ ಕೊಡುವುದಿಲ್ಲ. ಹಾಗಾಗಿ ಒಂದೇ ಪಟ್ಟಿಯಲ್ಲಿ ಸೋನಿಯ ಗೇಮ್‌ಗೆ ಎರಡೂ ಮಾರಾಟ ಕೂಡಿದ ಲೆಕ್ಕ, ಅದರ ಕೆಳಗಿನ ಮಾರಿಯೋಗೆ ಬರೀ ಅಂಗಡಿಯ ಲೆಕ್ಕ. ಅಡಿಟಿಪ್ಪಣಿಯಲ್ಲಿ ಅದನ್ನು ಹೇಳಿರುತ್ತಾರೆ. ಪಟ್ಟಿ ಕೈಯಿಂದ ಕೈಗೆ ದಾಟುವಾಗ ಮೊದಲು ಉದುರಿಹೋಗುವುದೇ ಆ ಟಿಪ್ಪಣಿ.