ಕೋಚ್‌ಗೂ ಲೆಕ್ಚರರ್‌ಗೂ ಪರಿಚಯವೇ ಇಲ್ಲ

ಪಿಯುಸಿಗೆ ಸೇರಿದ ತಕ್ಷಣ ಮಕ್ಕಳ ಆಟ ಬಿಡಿಸುವುದು ನಮ್ಮ ಬಳ್ಳಾರಿ ಕಡೆ ಎಷ್ಟು ರೂಢಿಯಾಗಿದೆ ಅಂದ್ರೆ, ಅದು ಸರಿನಾ ಅಂತ ಕೇಳುವವರೇ ಇಲ್ಲ. ಹೈಸ್ಕೂಲಿನಲ್ಲಿ ರಾಜ್ಯ ಮಟ್ಟಕ್ಕೆ ಹೋಗಿ ಬಂದ ಹುಡುಗ, ಜಿಲ್ಲೆಗೇ ಮೊದಲು ಬಂದು ಪೇಪರಿನಲ್ಲಿ ಫೋಟೋ ಹಾಕಿಸಿಕೊಂಡ ಹುಡುಗಿ, ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರದಲ್ಲೇ ಮೈದಾನದಿಂದ ಮಾಯ ಆಗುತ್ತಾರೆ. "ಇನ್ನೆರಡು ವರ್ಷ ಓದ್ಲಿ ಬಿಡ್ರಿ, ಆಮೇಲೆ ಬೇಕಾದಷ್ಟು ಆಡ್ಲಿ" ಅಂತಾರೆ ಮನೆಯವರು. ಹದಿನಾರರಿಂದ ಹದಿನೆಂಟರ ತನಕ ದೇಹ ಗಟ್ಟಿಯಾಗುವ, ವೇಗ ಕೂಡಿಕೊಳ್ಳುವ ಕಾಲ. ಆ ಎರಡು ವರ್ಷ ಬಿಟ್ಟು ಮತ್ತೆ ಅದೇ ಹುರುಪಿನಲ್ಲಿ ಟ್ರ್ಯಾಕಿಗೆ ಬಂದ ಮಗುವನ್ನು ನಾನಂತೂ ನೋಡಿಲ್ಲ.

ನಾನು ಇಲ್ಲಿನ ಒಂದು ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಸೈನ್ಸ್ ತಗೊಂಡು ಆಟವನ್ನೂ ಬಿಡದ ಮಕ್ಕಳು ಪ್ರತಿ ಬ್ಯಾಚಿನಲ್ಲೂ ಕೆಲವರು ಇರುತ್ತಾರೆ. ಅವರನ್ನು ಹತ್ತಿರದಿಂದ ನೋಡಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು ಅನಿಸಿದೆ. ಈ ಮಕ್ಕಳಿಗೆ ಶಿಸ್ತು ಕಡಿಮೆ ಇಲ್ಲ, ಮನಸ್ಸೂ ಕಡಿಮೆ ಇಲ್ಲ. ಕೋಚ್ ಒಂದು ಪೂರ್ತಿ ದಿನದ ಟೈಂಟೇಬಲ್ ಬರೆಯುತ್ತಾರೆ. ನಾವು ಲೆಕ್ಚರರ್‌ಗಳು ಇನ್ನೊಂದು ಪೂರ್ತಿ ದಿನದ ಟೈಂಟೇಬಲ್ ಬರೆಯುತ್ತೇವೆ. ಎರಡನ್ನೂ ಒಂದೇ ಮಗುವಿನ ತಲೆ ಮೇಲೆ ಇಡುತ್ತೇವೆ. ಆ ಕೋಚ್ ಯಾರು ಅಂತ ನಮಗೆ ಗೊತ್ತಿರಲ್ಲ, ನಾವು ಯಾರು ಅಂತ ಅವರಿಗೆ ಗೊತ್ತಿರಲ್ಲ. ಮಧ್ಯದಲ್ಲಿ ನಿಂತು ಇಬ್ಬರಿಗೂ ಸಮಾಧಾನ ಹೇಳುವ ಕೆಲಸ ಹದಿನೇಳು ವರ್ಷದ ಮಗುವಿನದು.

ಒಬ್ಬ ಹುಡುಗಿಯ ದಿನ ಹೇಗಿರುತ್ತೆ ಅಂತ ಹೇಳ್ತೀನಿ. ಊರು ಕುಡಿತಿನಿ ಕಡೆ. 400 ಮೀಟರ್ ಹರ್ಡಲ್ಸ್ ಓಡುತ್ತಾಳೆ. ಬೆಳಗಿನ ಜಾವ ಎದ್ದು ಮೊದಲ ಬಸ್ ಹಿಡಿದರೆ ಆರಕ್ಕೆ ಮೈದಾನ. ನಮ್ಮೂರ ಬಿಸಿಲು ಗೊತ್ತಲ್ಲ, ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತೆ, ಎಂಟೂವರೆ ಆದ ಮೇಲೆ ಓಡೋಕೆ ಆಗಲ್ಲ. ಹಾಗಾಗಿ ಇರುವುದೆಲ್ಲ ಆ ಎರಡೂವರೆ ತಾಸಿನಲ್ಲೇ ಮುಗಿಯಬೇಕು. ಆಮೇಲೆ ನಲ್ಲಿಯಲ್ಲಿ ಮುಖ ತೊಳೆದು, ಡಬ್ಬಿಯಲ್ಲಿರೋ ಒಗ್ಗರಣೆ ಮಂಡಕ್ಕಿ ತಿಂದು ಕಾಲೇಜಿಗೆ ಓಡಿ ಬರುತ್ತಾಳೆ. ಬ್ಯಾಗಿನ ತಳದಲ್ಲಿ ಪೇಪರ್ ಸುತ್ತಿದ ಸ್ಪೈಕ್ಸ್ ಶೂ, ಅದರ ಮೇಲೆ ಫಿಸಿಕ್ಸ್ ರೆಕಾರ್ಡ್. ಆ ರೆಕಾರ್ಡಿನ ಮೂಲೆಗಳೆಲ್ಲ ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗಿದ್ದವು. ಗಲೀಜಾಗಿದೆ, ಮತ್ತೆ ಬರಿ ಅಂತ ವಾಪಸ್ ಕೊಟ್ಟಿದ್ದರು. ಅವಳು ಬರೆದಳು. ಪೂರ್ತಿ ರೆಕಾರ್ಡ್ ಮತ್ತೆ ಬರೆದಳು.

ಒಮ್ಮೆ ಅವಳ ಗಣಿತದ ನೋಟ್‌ಬುಕ್ ತೆಗೆದು ನೋಡಿದೆ. ಇಂಟಿಗ್ರೇಷನ್ ಬೈ ಪಾರ್ಟ್ಸ್ ಲೆಕ್ಕ. ಮೊದಲ ಮೂರು ಸ್ಟೆಪ್ ಮುತ್ತಿನಂತೆ ಸರಿಯಾಗಿವೆ. ನಾಲ್ಕನೆಯದರಲ್ಲಿ ಅಕ್ಷರ ಸೊಟ್ಟ ಆಗಿ, ಪೆನ್ನು ಉದ್ದಕ್ಕೆ ಗೆರೆ ಎಳೆದುಕೊಂಡು ಹಾಳೆಯ ಕೆಳಗೆ ಜಾರಿದೆ. ಅಲ್ಲಿಗೆ ನಿದ್ದೆ. ಲೆಕ್ಕ ಬರದೆ ನಿಂತದ್ದಲ್ಲ ಅದು. ಆ ಗೆರೆ ನೋಡಿದ ಮೇಲೆ "ಸ್ಪೋರ್ಟ್ಸ್ ಮಕ್ಕಳಿಗೆ ಓದಿನ ಮೇಲೆ ಗಮನ ಇಲ್ಲ" ಅನ್ನುವ ಸ್ಟಾಫ್‌ರೂಂ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತೆ.

ನಿದ್ದೆಯ ವಿಷಯ ನಾವು ತುಂಬಾ ಹಗುರವಾಗಿ ತಗೊಂಡಿದ್ದೇವೆ. ಹದಿಮೂರರಿಂದ ಹದಿನೆಂಟು ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ವೈದ್ಯರು ಹೇಳುತ್ತಾರೆ. ಹಗಲು ಓದಿದ್ದು ತಲೆಯಲ್ಲಿ ಗಟ್ಟಿಯಾಗಿ ಕೂರುವುದು, ಬೆಳಿಗ್ಗೆ ದಣಿದ ಸ್ನಾಯು ರಿಪೇರಿ ಆಗುವುದು, ಎರಡೂ ಆ ನಿದ್ದೆಯಲ್ಲೇ. ಅಮೆರಿಕದಲ್ಲಿ ಶಾಲಾ ಆಟಗಾರರ ಮೇಲೆ ನಡೆದ ಒಂದು ಅಧ್ಯಯನ 2014ರಲ್ಲಿ ಪ್ರಕಟವಾಯಿತು. 8 ಗಂಟೆಗಿಂತ ಕಡಿಮೆ ಮಲಗುವ ಮಕ್ಕಳಿಗೆ ಗಾಯವಾಗುವ ಸಾಧ್ಯತೆ 1.7 ಪಟ್ಟು ಜಾಸ್ತಿ ಇತ್ತು. ನಮ್ಮ ಮಕ್ಕಳು ಸಂಜೆ ಟ್ಯೂಷನ್ ಮುಗಿಸಿ, ಮನೆ ಸೇರಿ, ಹೋಂವರ್ಕ್ ಮಾಡಿ ಮಲಗುವಾಗ ಹನ್ನೊಂದು. ಮತ್ತೆ ನಾಲ್ಕೂವರೆಗೆ ಅಲಾರಂ. ಇದನ್ನು ನಾವು "ಕಷ್ಟಪಡ್ತಿದ್ದಾಳೆ" ಅಂತ ಹೊಗಳುತ್ತೇವೆ. ನನಗೆ ಈ ಹೊಗಳಿಕೆ ಇಷ್ಟ ಇಲ್ಲ. ನಿದ್ದೆ ಕದ್ದರೆ ಓಟವೂ ಹೋಗುತ್ತೆ, ಮಾರ್ಕ್ಸೂ ಹೋಗುತ್ತೆ.

ಊಟದ ಬಗ್ಗೆಯೂ ಹೇಳಲೇಬೇಕು. ಸರ್ಕಾರಿ ಶಾಲೆಯಲ್ಲಿ ಹತ್ತನೇ ತರಗತಿ ತನಕ ಬಿಸಿಯೂಟ, ಹಾಲು, ಮೊಟ್ಟೆ ಸಿಗುತ್ತಿತ್ತು. ಪಿಯುಸಿಗೆ ಬಂದು ನಮ್ಮ ಮುಂದೆ ಕೂರುವಾಗ ಅದು ಯಾವುದೂ ಇಲ್ಲ. ದೇಹ ಜಾಸ್ತಿ ಕೇಳುವ ವಯಸ್ಸಿನಲ್ಲೇ ತಟ್ಟೆ ಖಾಲಿ. ಅದರಲ್ಲೂ ಹೆಣ್ಣುಮಕ್ಕಳು. ಸದಾ ಸುಸ್ತು, ಓದಿದ್ದು ನೆನಪಿರಲ್ಲ, ಓಟದ ಟೈಮಿಂಗ್ ಕಡಿಮೆ ಆಗ್ತಿಲ್ಲ ಅಂದಾಗ ಸೋಮಾರಿತನ ಅನ್ನುವ ಮುಂಚೆ ಒಂದು ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಕಡಿಮೆ ಇರುವುದು ನಮ್ಮ ಭಾಗದಲ್ಲಿ ಅಪರೂಪ ಏನಲ್ಲ. ಸರ್ಕಾರಿ ಆಸ್ಪತ್ರೆಯಲ್ಲೇ ಆಗುತ್ತೆ ಆ ಟೆಸ್ಟು.

ಇನ್ನು ಕ್ಯಾಲೆಂಡರ್. ನನಗೆ ಅತಿ ಹೆಚ್ಚು ಬೇಜಾರು ಇದರ ಮೇಲೆ. ಸೆಕೆಂಡ್ ಪಿಯುಸಿ ಮಕ್ಕಳಿಗೆ ಪೂರ್ವಸಿದ್ಧತಾ ಪರೀಕ್ಷೆ, ಪ್ರಾಕ್ಟಿಕಲ್ ಎಲ್ಲ ಬರುವುದು ಜನವರಿ, ಫೆಬ್ರವರಿಯಲ್ಲಿ. ಮಾರ್ಚ್‌ನಲ್ಲಿ ಬೋರ್ಡ್ ಪರೀಕ್ಷೆ. ಅದೇ ಚಳಿಗಾಲದಲ್ಲಿ ಅವರ ವಯಸ್ಸಿನ ದೊಡ್ಡ ಸ್ಪರ್ಧೆಗಳೂ ಬರುತ್ತವೆ. ಖೇಲೋ ಇಂಡಿಯಾ ಯೂತ್ ಗೇಮ್ಸ್ 2019ರಲ್ಲಿ ಪುಣೆಯಲ್ಲಿ, 2020ರಲ್ಲಿ ಗುವಾಹಟಿಯಲ್ಲಿ, 2024ರಲ್ಲಿ ತಮಿಳುನಾಡಿನಲ್ಲಿ ನಡೆಯಿತು. ಮೂರೂ ಜನವರಿಯಲ್ಲೇ. 2025ರಲ್ಲಿ ಬಿಹಾರದಲ್ಲಿ ಮೇ ತಿಂಗಳಲ್ಲಿ ನಡೆಸಿದರು, ಬೋರ್ಡ್ ಪರೀಕ್ಷೆ ಮುಗಿಸಿದ ಮಕ್ಕಳಿಗೆ ಎಷ್ಟು ನಿರಾಳ ಅಲ್ವಾ. ಹಾಗೆ ಮಾಡೋಕೆ ಆಗುತ್ತೆ ಅಂತ ಇದೇ ತೋರಿಸುತ್ತೆ. ಟೂರ್ನಮೆಂಟಿನ ದಿನಗಳಿಗೆ ಪತ್ರ ತೋರಿಸಿದರೆ ಹಾಜರಾತಿ ಕೊಡುವ ಪ್ರಿನ್ಸಿಪಾಲರು ಇದ್ದಾರೆ, ಒಳ್ಳೆಯದೇ. ತಪ್ಪಿಹೋದ ಪಾಠವನ್ನು ಯಾರು ಕೊಡುತ್ತಾರೆ? ಹತ್ತು ದಿನ ಕ್ಯಾಂಪಿಗೆ ಹೋಗಿ ಬಂದ ಮಗುವಿಗೆ ಬೋರ್ಡ್ ಮೇಲೆ ಇರುವುದು ಬೇರೆಯೇ ಚಾಪ್ಟರ್.

ಇದನ್ನು ಹೇಳಿದಾಗಲೆಲ್ಲ ಒಂದೇ ಉತ್ತರ ಬರುತ್ತೆ: "ಅನಿಲ್ ಕುಂಬ್ಳೆ ಎಂಜಿನಿಯರಿಂಗ್ ಓದ್ಲಿಲ್ವಾ? ಶ್ರೀನಾಥ್ ಓದ್ಲಿಲ್ವಾ?" ಓದಿದರು, ನಿಜ. ಕುಂಬ್ಳೆ ಬೆಂಗಳೂರಿನ ಆರ್.ವಿ. ಕಾಲೇಜಿನಲ್ಲಿ, ಶ್ರೀನಾಥ್ ಮೈಸೂರಿನ ಎಸ್‌ಜೆಸಿಇಯಲ್ಲಿ. ಅವರ ಶ್ರಮದ ಬಗ್ಗೆ ನನಗೆ ದೊಡ್ಡ ಗೌರವ. ಆದರೆ ಮನೆ, ಮೈದಾನ, ಕಾಲೇಜು ಮೂರೂ ಒಂದೇ ಊರಿನಲ್ಲಿ ಇರುವುದಕ್ಕೂ, ಸಿರುಗುಪ್ಪದಿಂದಲೋ ಸಂಡೂರಿನಿಂದಲೋ ಬಸ್ಸಿನಲ್ಲಿ ಬಂದು ಹೋಗುವುದಕ್ಕೂ ಬಹಳ ಅಂತರ ಇದೆ. ಜೊತೆಗೆ ಕನ್ನಡ ಮೀಡಿಯಂನಲ್ಲಿ ಹತ್ತು ವರ್ಷ ಓದಿ ಬಂದ ಮಗು ಫಸ್ಟ್ ಪಿಯುಸಿಯಲ್ಲಿ ಒಮ್ಮೆಲೇ ಇಂಗ್ಲಿಷ್‌ನಲ್ಲಿ ಕೆಮಿಸ್ಟ್ರಿ ಕೇಳಬೇಕು. ಆ ಮೊದಲ ಆರು ತಿಂಗಳು ಆಟ ಆಡದ ಮಕ್ಕಳೇ ತತ್ತರಿಸುತ್ತಾರೆ. ಒಬ್ಬಿಬ್ಬರು ಸಾಧಕರ ಹೆಸರು ಹೇಳಿ ಉಳಿದ ಮಕ್ಕಳನ್ನೆಲ್ಲ ಅವರ ಪಾಡಿಗೆ ಬಿಡುವುದು ನ್ಯಾಯ ಅಲ್ಲ.

ಬೇರೆ ಕಡೆ ಹೇಗೆ ಮಾಡುತ್ತಾರೆ ಅಂತ ಹುಡುಕಿ ಓದಿದೆ. ಸ್ವೀಡನ್‌ನಲ್ಲಿ 1970ರ ದಶಕದಿಂದ ನಮ್ಮ ಪಿಯುಸಿ ಮಟ್ಟದಲ್ಲೇ ಕ್ರೀಡಾ ಶಾಲೆಗಳಿವೆ. ಅಲ್ಲಿ ಆಟವೂ ಒಂದು ವಿಷಯ, ತರಬೇತಿ ಶಾಲೆಯ ಸಮಯದ ಒಳಗೇ ಬರುತ್ತೆ. ಜರ್ಮನಿಯ ಕೆಲವು ಕ್ರೀಡಾ ಶಾಲೆಗಳಲ್ಲಿ ಕೊನೆಯ ಎರಡು ವರ್ಷದ ಓದನ್ನು ಮೂರು ವರ್ಷಕ್ಕೆ ಹರಡಿಕೊಳ್ಳಬಹುದು. ಫೇಲ್ ಅಂತ ಅಲ್ಲ, ಮೊದಲೇ ಹಾಕಿಕೊಂಡ ಪ್ಲಾನ್ ಅದು. ದೂರ ಯಾಕೆ, ನಮ್ಮ ದೇಶದಲ್ಲೇ 2018ರಲ್ಲಿ ಶೂಟರ್ ಅನೀಶ್ ಭನ್ವಾಲಾ ಹತ್ತನೇ ತರಗತಿಯಲ್ಲಿದ್ದಾಗ ಸ್ಪರ್ಧೆಗಳ ಕಾರಣಕ್ಕೆ ಸಿಬಿಎಸ್‌ಇ ಅವನಿಗೆ ಪರೀಕ್ಷೆಯನ್ನು ಬೇರೆ ದಿನ ಇಟ್ಟಿತು. ಅದೇ ವರ್ಷ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ 15ನೇ ವಯಸ್ಸಿಗೆ ಚಿನ್ನ ಗೆದ್ದ. ಕೇಂದ್ರ ಸರ್ಕಾರದ ಮುಕ್ತ ಶಾಲೆ ಎನ್‌ಐಓಎಸ್‌ನಲ್ಲಂತೂ ಒಮ್ಮೆ ಸೇರಿದರೆ 5 ವರ್ಷದ ಒಳಗೆ ಒಂದೊಂದೇ ವಿಷಯ ಪಾಸು ಮಾಡುತ್ತಾ ಹೋಗಬಹುದು. ಆದರೆ ಅಲ್ಲಿ ದಿನಾ ಕ್ಲಾಸು ಇಲ್ಲ, ಜೊತೆಗೆ ಕೂತು ಓದುವ ಗೆಳೆಯರಿಲ್ಲ. ಓದಿಸುವವರಿಲ್ಲದ ಮನೆಯಿಂದ ಬಂದ ಮಗುವಿಗೆ ಅದು ಕೊನೆಯ ದಾರಿ ಆಗಬೇಕೇ ಹೊರತು ಮೊದಲನೆಯದು ಅಲ್ಲ ಅನ್ನುವುದು ನನ್ನ ಅಭಿಪ್ರಾಯ.

ನಮ್ಮ ರಾಜ್ಯದಲ್ಲಿ 2024ರಿಂದ ಪಿಯುಸಿ ಪರೀಕ್ಷೆಯನ್ನು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ನಡೆಸುತ್ತಿದ್ದಾರೆ. ಅದನ್ನು ಕ್ರೀಡಾ ಮಕ್ಕಳಿಗೆ ಇನ್ನೊಂದಿಷ್ಟು ಸಡಿಲ ಮಾಡಿ ಅನ್ನುವುದು ನನ್ನ ಬೇಡಿಕೆ. ಆರು ವಿಷಯಗಳಲ್ಲಿ ಮೂರನ್ನು ಮೊದಲ ಪರೀಕ್ಷೆಯಲ್ಲಿ, ಉಳಿದ ಮೂರನ್ನು ಎರಡನೆಯದರಲ್ಲಿ ಬರೆಯಲಿ. ಎರಡನ್ನೂ ಸೇರಿಸಿ ಒಂದೇ ಅಂಕಪಟ್ಟಿ ಕೊಡಿ, ಪೂರಕ ಪರೀಕ್ಷೆ ಅನ್ನುವ ಹಣೆಪಟ್ಟಿ ಬೇಡ. ಬೇಕು ಅಂದವರಿಗೆ ಎರಡು ವರ್ಷದ ಪಿಯುಸಿಯನ್ನು ಮೂರು ವರ್ಷದಲ್ಲಿ ಮುಗಿಸುವ ದಾರಿಯೂ ಇರಲಿ. "ಒಂದು ವರ್ಷ ಹಾಳಾಗಲ್ವಾ?" ಅಂತ ಕೇಳ್ತಾರೆ. ನೀಟ್‌ಗೆ ಲಾಂಗ್ ಟರ್ಮ್ ಅಂತ ಒಂದು ವರ್ಷ, ಕೆಲವರು ಎರಡು ವರ್ಷ, ಹಾಸ್ಟೆಲ್ಲಿಗೆ ಲಕ್ಷಗಟ್ಟಲೆ ಕಟ್ಟಿ ಕೂರಿಸುತ್ತೇವೆ. ಆಗ ಯಾರೂ ವರ್ಷ ಹಾಳಾಯ್ತು ಅನ್ನಲ್ಲ. ಓಟಕ್ಕೆ ಒಂದು ವರ್ಷ ಕೊಟ್ಟರೆ ಮಾತ್ರ ಹಾಳಾ?

ಮೇಲಿನವರು ಬದಲಾಯಿಸುವ ತನಕ ಕಾಯಬೇಕಾಗಿಯೂ ಇಲ್ಲ. ಕೋಚ್‌ಗಳಿಗೆ ನನ್ನ ವಿನಂತಿ ಒಂದಿದೆ. ತರಬೇತಿಯಲ್ಲಿ ಭಾರದ ವಾರ, ಹಗುರದ ವಾರ ಅಂತ ನೀವೇ ಮಾಡ್ತೀರಿ. ಸ್ಪರ್ಧೆಗೆ ಮುಂಚೆ ಎರಡು ವಾರ ಓಟದ ಪ್ರಮಾಣವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸ್ತೀರಿ, ವೇಗ ಮಾತ್ರ ಉಳಿಸ್ತೀರಿ. ಹಾಗೆ ಮಾಡಿದರೆ ಫಿಟ್‌ನೆಸ್ ಎಲ್ಲೂ ಹೋಗಲ್ಲ ಅನ್ನುವುದು ನಿಮಗೇ ಚೆನ್ನಾಗಿ ಗೊತ್ತು. ಅದನ್ನೇ ಪ್ರಿಪರೇಟರಿ ಪರೀಕ್ಷೆಯ ವಾರಕ್ಕೂ ಮಾಡಿ. ಪರೀಕ್ಷೆ ಯಾವಾಗ ಅಂತ ಮಗುವನ್ನು ಕೇಳಬೇಡಿ, ನಮ್ಮನ್ನು ಕೇಳಿ. ಬೈಸಿಕೊಳ್ಳುವ ಭಯಕ್ಕೆ ಮಗು ನಿಮಗೂ ಪೂರ್ತಿ ಹೇಳಲ್ಲ, ನಮಗೂ ಪೂರ್ತಿ ಹೇಳಲ್ಲ.

ನನ್ನ ಸಹೋದ್ಯೋಗಿಗಳಿಗೂ ಅಷ್ಟೇ. ಕ್ಯಾಂಪಿಗೆ ಹೋದ ಮಗುವಿಗೆ ಬೋರ್ಡಿನ ಫೋಟೋ ತೆಗೆದು ವಾಟ್ಸಾಪ್ ಮಾಡೋಕೆ ಎರಡು ನಿಮಿಷ ಸಾಕು. ನಾನು ಲೆಕ್ಕ ಬಿಡಿಸುತ್ತಾ ಮಾತಾಡಿದ್ದನ್ನು ಆಡಿಯೋ ಮಾಡಿ ಕಳಿಸಿದ್ದೇನೆ, ಟ್ರೈನಿನಲ್ಲಿ ಕೂತು ಕೇಳಿದ್ದಾರೆ. ವಾಪಸ್ ಬಂದ ಮೇಲೆ ಎಲ್ಲಾ ನೋಟ್ಸ್ ಬರಿ ಅನ್ನಬೇಡಿ, ಯಾವ ನಾಲ್ಕು ವಿಷಯ ತಿಳಿದರೆ ಮುಂದಿನ ಚಾಪ್ಟರ್ ಅರ್ಥ ಆಗುತ್ತೆ ಅನ್ನುವುದನ್ನು ಹೇಳಿ.

ಅಪ್ಪ ಅಮ್ಮಂದಿರ ಭಯ ನನಗೆ ಅರ್ಥ ಆಗುತ್ತೆ. ಮೊಣಕಾಲಿಗೆ ಒಂದು ಪೆಟ್ಟು ಬಿದ್ದರೆ ಮುಂದೇನು ಅನ್ನುವ ಪ್ರಶ್ನೆ ಸುಮ್ನೆ ಹುಟ್ಟಿದ್ದಲ್ಲ. ಅದಕ್ಕೇ ಓದು ಬಿಡಬೇಡಿ ಅಂತ ನಾನೂ ಹೇಳುವುದು. ಆದರೆ ಇನ್ನೊಂದು ಕಡೆಯನ್ನೂ ನೋಡಿ. ಸಿಇಟಿಯಲ್ಲಿ ಕ್ರೀಡಾ ಕೋಟಾ ಇದೆ. ರೈಲ್ವೆ, ಪೊಲೀಸ್ ನೇಮಕಾತಿಯಲ್ಲೂ ಇದೆ. ಖೇಲೋ ಇಂಡಿಯಾ ಯೋಜನೆಗೆ ಆಯ್ಕೆಯಾಗಿ ತರಬೇತಿಯಲ್ಲಿರುವ ಮಕ್ಕಳಿಗೆ ತಿಂಗಳಿಗೆ 10,000 ರೂಪಾಯಿ ಕೈಖರ್ಚು ಕೊಡುತ್ತಾರೆ. ಕೋಟಾದ ಬಾಗಿಲು ದಾಟಬೇಕಾದರೆ ಪದಕವೂ ಬೇಕು, ಪಾಸ್ ಆದ ಅಂಕಪಟ್ಟಿಯೂ ಬೇಕು.

ನಮ್ಮ ಜಿಲ್ಲೆಯ ತೋರಣಗಲ್ಲಿನ ಹತ್ತಿರ 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ಗೆ ದೇಶದ ಮೂಲೆಮೂಲೆಯಿಂದ ಮಕ್ಕಳು ಬರುತ್ತಾರೆ. ಬಾಕ್ಸಿಂಗ್, ಕುಸ್ತಿ, ಜೂಡೋ, ಅಥ್ಲೆಟಿಕ್ಸ್, ಎಲ್ಲಾ ಇದೆ. ನೀರಜ್ ಚೋಪ್ರಾ ಕೂಡ ತರಬೇತಿ ಮಾಡಿದ ಜಾಗ. ಇಲ್ಲಿಂದ ಅರ್ಧ ಮುಕ್ಕಾಲು ತಾಸಿನ ದಾರಿ. ಅಲ್ಲಿಗೆ ಹೋಗುವಷ್ಟು ಗಟ್ಟಿಯಾದ ಮಕ್ಕಳು ನಮ್ಮ ಕುರುಗೋಡು, ಕಂಪ್ಲಿ, ಸಂಡೂರಿನ ಸರ್ಕಾರಿ ಶಾಲೆಗಳಲ್ಲೂ ಇದ್ದಾರೆ. ಹದಿನಾರಕ್ಕೆ ಆಟ ಬಿಡಿಸಿದರೆ ಅವರು ಅಲ್ಲಿಗೆ ತಲುಪುವುದು ಹೇಗೆ?

ಈಗ ಅಡ್ಮಿಷನ್ ಸಮಯ. ಆಡುವ ಮಗು ಮನೆಯಲ್ಲಿದ್ದರೆ ಫೀಸು ಕಟ್ಟುವ ಮುಂಚೆ ಪ್ರಿನ್ಸಿಪಾಲರ ಎದುರು ಕೂತು ನೇರವಾಗಿ ಕೇಳಿ. ಬೆಳಗಿನ ಮೊದಲ ಪೀರಿಯಡ್ ಎಷ್ಟು ಗಂಟೆಗೆ? ಕ್ಯಾಂಪಿಗೆ ಹೋದರೆ ತಪ್ಪಿದ ಪ್ರಾಕ್ಟಿಕಲ್ ಮತ್ತೆ ಮಾಡಿಸ್ತೀರಾ? ಮಗುವಿನ ಕೋಚ್ ಜೊತೆ ಮಾತಾಡೋಕೆ ಒಬ್ಬ ಲೆಕ್ಚರರನ್ನು ಗೊತ್ತು ಮಾಡ್ತೀರಾ? ಬಾಯಿಮಾತು ಬೇಡ, ಅರ್ಜಿ ಬರೆದು ಸೀಲ್ ಹಾಕಿಸಿಕೊಳ್ಳಿ. ಮೈದಾನದಲ್ಲಿ ಕೋಚ್ ಹತ್ತಿರವೂ ಹೋಗಿ, ಕಾಲೇಜಿನ ಪರೀಕ್ಷಾ ದಿನಾಂಕಗಳ ಒಂದು ಜೆರಾಕ್ಸ್ ಅವರ ಕೈಗೆ ಕೊಟ್ಟು ಬನ್ನಿ.