ಕಾಯುವ ದುಡ್ಡು ಬೇಕು

ಅಪ್ಪ ಮುಂಬೈಯ ಫೋರ್ಟ್‌ನಲ್ಲಿ 30 ವರ್ಷ ಸಣ್ಣ ಕ್ಯಾಂಟೀನ್ ನಡೆಸಿದರು. ಚೀಟಿ ದುಡ್ಡು ಒಂದು ತಿಂಗಳೂ ತಪ್ಪಿಸಿದವರಲ್ಲ. ಆದರೂ ಮನೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಕೇಳಿದ್ದು ಸ್ಯಾಲರಿ ಸ್ಲಿಪ್. ಅದೆಲ್ಲಿಂದ ತರಬೇಕು? ಬರಿಗೈಲಿ ವಾಪಸ್ ಬಂದರು. ಆ ಸಂಜೆ ಅವರ ಮುಖ ನನಗೆ ಇನ್ನೂ ನೆನಪಿದೆ.

ಈಗ ಎಲ್ಲ ಕಡೆ ಇಂಪ್ಯಾಕ್ಟ್ ಇನ್ವೆಸ್ಟಿಂಗ್ ಮಾತು. ಹಾಕಿದ ದುಡ್ಡೂ ಬೆಳೆಯಬೇಕು, ಜನರಿಗೂ ಒಳ್ಳೆಯದಾಗಬೇಕು. ಈ ದುಡ್ಡು ಬಡವರ ಮನೆಗೆ ಬರಲಿ ಅನ್ನೋದು ನನ್ನ ಆಸೆಯೂ ಹೌದು. ಆದರೆ ಅದಕ್ಕೆ ಕಾಯುವ ತಾಳ್ಮೆ ಇರಬೇಕು.

ಮುಂಬೈಯ ಬೈಕುಲ್ಲಾದ ಫುಟ್‌ಪಾತ್‌ನಲ್ಲಿ ಬದುಕುತ್ತಿದ್ದ ಹೆಂಗಸರು 1986ರಲ್ಲಿ ಮಹಿಳಾ ಮಿಲನ್ ಅನ್ನುವ ತಮ್ಮದೇ ಸಂಘ ಕಟ್ಟಿಕೊಂಡರು. ದಿನದ ದುಡಿಮೆಯಲ್ಲೇ ಚಿಲ್ಲರೆ ಎತ್ತಿಟ್ಟು ಉಳಿಸಿದರು. ಅವರ ಜೊತೆ ನಗರದ ಬಡವರಿಗಾಗಿ ದುಡಿಯುವ ಸ್ಪಾರ್ಕ್ ಸಂಸ್ಥೆ ಇತ್ತು, ಝೋಪಡಿ ಅಂದರೆ ಕೊಳೆಗೇರಿ ಜನರ ಒಕ್ಕೂಟವೂ ಇತ್ತು. ಒಕ್ಕೂಟದ ಜೋಕಿನ್ ಅರ್ಪುತಂ ನಮ್ಮ ಕೆಜಿಎಫ್‌ನಲ್ಲಿ ಹುಟ್ಟಿದವರು, 2000ದಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಪಡೆದವರು.

ಇವರೇ ಧಾರಾವಿಯಲ್ಲಿ ರಾಜೀವ್ ಇಂದಿರಾ ಸೊಸೈಟಿಯ ಕಟ್ಟಡ ಎಬ್ಬಿಸಿದರು. ಅಲ್ಲಿನ ಮನೆಗಳ ಎತ್ತರ 14 ಅಡಿ. ಮೇಲೊಂದು ಅಟ್ಟ ಮಾಡಿಕೊಂಡರೆ ಮಕ್ಕಳು ಓದಬಹುದು, ಮಲಗಬಹುದು. ಅಲ್ಲಿ ಬಾಳುವವರು ಕೂತು ಯೋಚಿಸಿದರೆ ತಾನೇ ಇಂಥದ್ದು ಹೊಳೆಯೋದು?

ಕಷ್ಟ ಇದ್ದದ್ದು ದುಡ್ಡು ಕೈಗೆ ಬರುವ ಹೊತ್ತಿನಲ್ಲಿ. ಝೋಪಡಿ ತೆಗೆದು ಕಟ್ಟಡ ಕಟ್ಟಿಕೊಡುವ ಸರ್ಕಾರದ ಎಸ್‌ಆರ್‌ಎ ಯೋಜನೆಯಲ್ಲಿ 2000ಕ್ಕೆ ಮುಂಚಿನಿಂದ ಇರುವ ಝೋಪಡಿಯವರಿಗೆ ಮನೆ ಉಚಿತ. ಕಟ್ಟುವ ಖರ್ಚನ್ನು ಮೊದಲೇ ಹಾಕಬೇಕು. ಹೆಚ್ಚುವರಿ ಫ್ಲಾಟು ಅಥವಾ ಟಿಡಿಆರ್, ಅಂದರೆ ಬೇರೆ ಕಡೆ ಕಟ್ಟಲು ಸಿಗುವ ಹಕ್ಕು, ಮಾರಿದ ಮೇಲೆ ಅದು ವಾಪಸ್ ಬರುತ್ತದೆ. ಅಷ್ಟರಲ್ಲಿ ಪರ್ಮಿಷನ್ ತಡವಾಗಬಹುದು, ಟಿಡಿಆರ್ ರೇಟು ಬೀಳಬಹುದು. ಬಡ್ಡಿ ಮಾತ್ರ ನಿಲ್ಲಲ್ಲ. ಬ್ರಿಟನ್ನಿನ ಹೋಮ್‌ಲೆಸ್ ಇಂಟರ್‌ನ್ಯಾಷನಲ್ ಸಂಸ್ಥೆ ಗ್ಯಾರಂಟಿ ನಿಂತ ಮೇಲೆ ಸಿಟಿಬ್ಯಾಂಕ್ ರಾಜೀವ್ ಇಂದಿರಾ ಕಟ್ಟಡಕ್ಕೆ ಸಾಲ ಕೊಟ್ಟಿತು. ಈ ಅನುಭವದಿಂದಲೇ 2002ರಲ್ಲಿ ಕ್ಲಿಫ್ ಅನ್ನುವ ನಿಧಿ ಶುರುವಾಯಿತು. ಬ್ರಿಟನ್, ಸ್ವೀಡನ್ ಸರ್ಕಾರಗಳ ದುಡ್ಡು. ಒಂದು ಕಟ್ಟಡದಿಂದ ಮರಳಿದ್ದನ್ನು ಇನ್ನೊಂದಕ್ಕೆ ಹಾಕುವುದು ಅದರ ಕ್ರಮ.

ಇವತ್ತು ಹೂಡಿಕೆದಾರರು ನಿಲ್ಲಬೇಕಾದದ್ದು ಸರಿಯಾಗಿ ಈ ಜಾಗದಲ್ಲಿ. ಗ್ಯಾರಂಟಿಗೆ ನಿಲ್ಲಲಿ, ನಡುವಿನ ವರ್ಷಗಳನ್ನು ದಾಟಿಸಲಿ, ಲಾಭ ಸ್ವಲ್ಪ ಕಡಿಮೆ ಬಂದರೂ ಒಪ್ಪಲಿ. ಮೂರು ವರ್ಷಕ್ಕೆ ದುಡ್ಡು ಎತ್ತಿಕೊಂಡು ಹೊರಡುವವರಿಗೆ ಇದು ಜಾಗವಲ್ಲ.

ನಮ್ಮಲ್ಲೂ ಕೈಯಲ್ಲಿ ಸ್ವಲ್ಪ ದುಡ್ಡಿರುವವರು ಇದ್ದಾರೆ, ಅಲ್ವಾ? ಬಡವರ ಮನೆಗೆ ಅಂತ ಯಾವುದಾದರೂ ಫಂಡ್‌ನವರು ನಿಮ್ಮ ಹತ್ತಿರ ಬಂದರೆ ದಯವಿಟ್ಟು ಕೇಳಿ. ಕೆಲಸ ತಡವಾದರೆ ಮೊದಲ ಪೆಟ್ಟು ಯಾರಿಗೆ? ನಕ್ಷೆ ಹಾಕುವಾಗ ಅಲ್ಲಿನ ಹೆಂಗಸರು ಇದ್ದರಾ? ನಮ್ಮಪ್ಪನಂಥವರು ಚೀಟಿ ಪುಸ್ತಕ ಹಿಡಿದು ಬಂದರೆ ಅದನ್ನು ದಾಖಲೆ ಅಂತ ಒಪ್ಪುತ್ತೀರಾ?